ಓಬಕ್ಕನ ನಂಬಿಕೆ ಕಡಿಮೆ ಇರಲಿಲ್ಲ

ನಾನು ಸುಳ್ಳು ಸಾಕ್ಷಿ ಹೇಳಿದವಳು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಕೊಟ್ಟ ಕ್ಷಯದ ಗುಳಿಗೆಗಳನ್ನು ಒಂದು ದಿನವೂ ತಪ್ಪದೆ ನುಂಗಿ, ಒಂದನ್ನೂ ಮುಟ್ಟಿಲ್ಲವೆಂದು ದೇವರ ಸಭೆಯಲ್ಲಿ ಎದ್ದುನಿಂತು ಹೇಳಿದೆ. ಪ್ರಾರ್ಥನೆಯೊಂದೇ ನನ್ನನ್ನು ವಾಸಿ ಮಾಡಿತು ಎಂದೆ. ಅದನ್ನು ನಂಬಿ ಓಬಕ್ಕ ಎಂಬ ಹೆಣ್ಣುಮಗಳು ತನ್ನ ಗುಳಿಗೆ ಬಿಟ್ಟಳು. ಬಿಟ್ಟು ವರ್ಷ ತುಂಬುವುದರೊಳಗೆ ತೀರಿಕೊಂಡಳು. ಆಕೆಗೆ ನಂಬಿಕೆ ಸಾಲಲಿಲ್ಲ ಎಂದು ಜನ ಮಾತಾಡಿಕೊಂಡಾಗ — ನಾನು ಅಲ್ಲೇ ಇದ್ದೆ. ತಲೆ ತಗ್ಗಿಸಿಕೊಂಡು ಕೂತಿದ್ದೆ. ಬಾಯಿ ತೆರೆಯಲಿಲ್ಲ.

ಎಂಟು ವರ್ಷ ತೆರೆಯಲಿಲ್ಲ.

ಮನಸ್ಸು ಹಗುರ ಮಾಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಹಗುರವಾಗುವ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು, ಅದೇ ನನ್ನನ್ನು ಇಷ್ಟು ವರ್ಷ ಕೆಡಿಸಿತು. ನಡೆದದ್ದನ್ನು ನಡೆದ ಹಾಗೆ ಹೇಳಬೇಕು, ಅಷ್ಟೇ.

ನಾನು ಮೊಳಕಾಲ್ಮೂರಿನಲ್ಲಿ ರವಿಕೆ ಹೊಲಿಯುವವಳು. ಹೆಸರು ಸುಗುಣ. ನಮ್ಮೂರಿನ ರೇಷ್ಮೆ ಸೀರೆಗೆ ಹೆಸರಿದೆ. ಸೀರೆ ಕೊಂಡವರಿಗೆ ರವಿಕೆಯೂ ಬೇಕು, ಹಾಗಾಗಿ ನನ್ನ ಮಿಷನ್ನು ಸುಮ್ಮನೆ ಕೂತದ್ದು ಕಡಿಮೆ. ಗಂಡ ಡೇವಿಡ್ ಚಳ್ಳಕೆರೆಯಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲಿನ ಕೆಲಸದಲ್ಲಿದ್ದರು. ಶನಿವಾರ ಸಂಜೆ ಬರುವುದು, ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುವುದು. ನಡುವಿನ ಭಾನುವಾರ ಇಬ್ಬರೂ ಸಭೆಗೆ. ನಮ್ಮದು ದೊಡ್ಡ ಸಭೆಯೇನಲ್ಲ. ತಗಡಿನ ಮಾಡು, ನೆಲಕ್ಕೆ ಚಾಪೆ, ಮೂವತ್ತು ನಲವತ್ತು ಜನ. ಅದನ್ನು ನಡೆಸುವ ಪಾಸ್ಟರನ್ನು ನಾವೆಲ್ಲ ಅಯ್ಯನೋರು ಎನ್ನುತ್ತೇವೆ.

ತೊಂಬತ್ತರ ದಶಕದ ಕೊನೆಗೆ ನನಗೆ ಕೆಮ್ಮು ಹಿಡಿಯಿತು. ಕಷಾಯಕ್ಕೂ ಹೋಗಲಿಲ್ಲ, ಅಂಗಡಿಯ ಔಷಧಿಗೂ ಹೋಗಲಿಲ್ಲ. ಮೈ ಇಳಿಯುತ್ತ ಬಂತು. ಒಂದು ಮಧ್ಯಾಹ್ನ ಕೆಮ್ಮಿದಾಗ ಹೊಲಿಯುತ್ತಿದ್ದ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿತ್ತು. ಆ ಬಟ್ಟೆಯನ್ನು ಒಲೆಗೆ ಹಾಕಿದೆ. ಗಂಡನನ್ನು ನೋಡಿಬರುತ್ತೇನೆಂದು ನೆರೆಯವರಿಗೆ ಹೇಳಿ ಚಳ್ಳಕೆರೆ ಬಸ್ಸು ಹತ್ತಿದೆ. ನಮ್ಮೂರಲ್ಲೂ ಆಸ್ಪತ್ರೆಯಿತ್ತು — ಆದರೆ ಅಲ್ಲಿ ಎಲ್ಲರೂ ಗುರುತಿನವರು. ಚಳ್ಳಕೆರೆಯಲ್ಲಿ ಕಫ ಪರೀಕ್ಷೆ ಮಾಡಿ ಕ್ಷಯ ಎಂದರು. ಆರು ತಿಂಗಳು ಬಿಡದೆ ಗುಳಿಗೆ ನುಂಗಬೇಕು, ವಾಸಿಯಾದ ಹಾಗೆ ಅನ್ನಿಸಿದರೂ ಬಿಡಬಾರದು ಎಂದು ಅಲ್ಲಿನ ಡಾಕ್ಟರಮ್ಮ ಮೂರು ಸಲ ಹೇಳಿದರು.

ಕ್ಷಯ ಇರುವ ದರ್ಜಿಯ ಕೈಗೆ ಯಾರು ಬಟ್ಟೆ ಕೊಡುತ್ತಾರೆ? ಈ ಭಯ ನಿಜವಾದದ್ದೇ. ಆದರೂ ಅದನ್ನು ನೆಪವಾಗಿ ಮುಂದಿಡುವುದಿಲ್ಲ. ಭಯ ನನ್ನನ್ನು ಸುಮ್ಮನಿರಿಸಿತು, ನಿಜ. ಸುಳ್ಳು ಹೇಳು ಎಂದು ಭಯ ಹೇಳಲಿಲ್ಲ.

ಪ್ರತಿ ತಿಂಗಳು ದಾರ, ಲೈನಿಂಗ್ ತರುವ ನೆವದಲ್ಲಿ ಚಳ್ಳಕೆರೆಗೆ ಹೋಗಿ ಗುಳಿಗೆ ತರುತ್ತಿದ್ದೆ. ಹುಕ್ಕು, ಗುಂಡಿಗಳ ಡಬ್ಬಿಯ ತಳದಲ್ಲಿ ಮುಚ್ಚಿಡುತ್ತಿದ್ದೆ. ನುಂಗಿದ ಮೇಲೆ ಮೂತ್ರ ಕೆಂಪಗೆ ಹೋಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮೊದಲು ಸ್ವಲ್ಪ ಗಂಜಿ ಕುಡಿದು, ಆಮೇಲೆ ಒಂದೊಂದೇ ನುಂಗಿ, ಗೋಡೆಗೊರಗಿ ಕೂತರೆ ವಾಂತಿಯಾಗುವುದಿಲ್ಲ ಎಂದು ನಾನೇ ಕಂಡುಕೊಂಡೆ. ಗಂಡನೊಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅದೇ ಸಮಯಕ್ಕೆ ಸಭೆಯವರು ನನಗಾಗಿ ಪ್ರಾರ್ಥಿಸುತ್ತಿದ್ದರು. ಕಾಯಿಲೆ ಯಾವುದೆಂದು ಅವರಿಗೆ ಗೊತ್ತಿಲ್ಲ; ಸುಗುಣ ಕೆಮ್ಮಿ ಕೆಮ್ಮಿ ಸೊರಗುತ್ತಿದ್ದಾಳೆ, ಅಷ್ಟೇ ಗೊತ್ತು. ಅಯ್ಯನೋರು ಮತ್ತು ಏಳು ಮಂದಿ ಹೆಂಗಸರು ಮೂರು ದಿನ ಉಪವಾಸವಿದ್ದರು. ಕೂಲಿಗೆ ಹೋಗುವ ಹೆಂಗಸರು, ಹಸಿದ ಹೊಟ್ಟೆಯಲ್ಲೇ ಕೂಲಿ ಮಾಡಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತರು. ಆ ಪ್ರೀತಿಯನ್ನು ನೆನೆದರೆ — ಅದರಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಸುಳ್ಳಿದ್ದದ್ದು ನನ್ನೊಳಗೆ.

ನಾಲ್ಕನೆಯ ತಿಂಗಳಿಗೆ ಕೆಮ್ಮು ನಿಂತಿತು. ಮೈ ತುಂಬಿಕೊಂಡಿತು. ಒಂದು ಭಾನುವಾರ ಅಯ್ಯನೋರು, “ಸುಗುಣಮ್ಮ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಮ್ಮ” ಎಂದರು. ಎದ್ದುನಿಂತೆ. ಕೆಮ್ಮಿದ್ದನ್ನು ಹೇಳಿದೆ, ರಕ್ತ ಬಿದ್ದದ್ದನ್ನು ಹೇಳಿದೆ, ನೀವು ಪ್ರಾರ್ಥಿಸಿದಿರಿ ಎಂದೆ, ಈಗ ಹುಷಾರಾಗಿದ್ದೇನೆ ಎಂದೆ. ಅಷ್ಟಕ್ಕೆ ಕೂತಿದ್ದರೆ — ಅರ್ಧ ಸತ್ಯವೇ ಆದರೂ — ಮುಂದಿನದು ನಡೆಯುತ್ತಿರಲಿಲ್ಲವೇನೋ. ಮುಂದಿನ ಸಾಲಲ್ಲಿದ್ದ ಮುದುಕಿ ಕರುಣಮ್ಮ ಕೇಳಿದರು, “ಔಷಧಿ ಗಿಷಧಿ ಏನಾರ ತಗಂಡಿದ್ದೇನವ್ವ?”

“ಇಲ್ಲ” ಎಂದೆ.

ಒಂದೇ ಮಾತು. ಬೆಳಿಗ್ಗೆ ನುಂಗಿದ ಗುಳಿಗೆ ಇನ್ನೂ ಹೊಟ್ಟೆಯಲ್ಲಿತ್ತು. ತಗಡಿನ ಮಾಡು ಅದುರುವ ಹಾಗೆ ಎಲ್ಲರೂ ದೇವರಿಗೆ ಸ್ತೋತ್ರ ಎಂದರು. ಗಂಡಸರ ಕಡೆ ಕೂತಿದ್ದ ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಮನೆಗೆ ಬಂದ ಮೇಲೆ, “ಗುಳಿಗೆ ವಿಷ್ಯಾನೂ ಹೇಳ್ಬೇಕಿತ್ತು ಕಣೆ. ಅದನ್ನ ಕೊಟ್ಟಿದ್ದೂ ಆ ದೇವರೇ ಅಲ್ವಾ” ಎಂದರು. ನನ್ನ ಹೊಟ್ಟೆಪಾಡು ನಿಮಗೆ ಬೇಡವಾಯಿತೇ ಎಂದು ಜಗಳಕ್ಕೆ ನಿಂತೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಸುಳ್ಳಿಗೆ ಕಾಲು ಬಂತು. ರಾಂಪುರದ ಪ್ರಾರ್ಥನಾ ಕೂಟಕ್ಕೆ ಕರೆದರು, ಚಳ್ಳಕೆರೆಗೆ ಕರೆದರು, ಉಳ್ಳಾರ್ತಿ ಕಡೆಯ ಒಂದು ಹಳ್ಳಿಗೆ ಕರೆದರು. ಕಾಯಿಲೆಗೆ ಹೆಸರೂ ಇಟ್ಟೆ — ವಾಸಿಯಾದ ಮೇಲೆ ಕ್ಷಯ ಎನ್ನಲು ನಾಚಿಕೆಯಿಲ್ಲ, ಹೆಮ್ಮೆ. ಪ್ರಾರ್ಥನೆಯ ಮೂರನೆಯ ದಿನ ಎದೆಯಲ್ಲಿ ಬಿಸಿ ಹರಿದ ಹಾಗಾಯಿತು ಎಂದು ಒಂದು ಕಡೆ ಸೇರಿಸಿದೆ. ಜನ ಅತ್ತರು. ಮುಂದಿನ ಕಡೆಯೂ ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ಹಾಗೇ ನಡೆದಿತ್ತೇನೋ ಎಂದು ನನಗೂ ಅನ್ನಿಸತೊಡಗಿತು. ಹೊಲಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ನನ್ನನ್ನು ಯಾರೂ ಹೊಗಳಿರಲಿಲ್ಲ. ಈಗ ಸುಗುಣಕ್ಕ ಬಂದರು ಎಂದು ಎದ್ದು ಚಾಪೆ ಬಿಟ್ಟುಕೊಡುತ್ತಿದ್ದರು.

ದೇವಸಮುದ್ರದ ಕೂಟಕ್ಕೆ ಹೋದದ್ದು ಹೀಗೆಯೇ, ಮರುವರ್ಷ.

ಕೂಟ ಮುಗಿದು ಜನ ಊಟಕ್ಕೆ ಕೂತಾಗ ಒಬ್ಬ ಹೆಣ್ಣುಮಗಳು ಬೇವಿನ ಮರದ ಹತ್ತಿರ ನನ್ನ ಕೈ ಹಿಡಿದುಕೊಂಡಳು. ಇಪ್ಪತ್ತೆಂಟು ಇರಬಹುದು ವಯಸ್ಸು. ಕುರಿ ಸಾಕುವ ಮನೆಯವಳು, ಅಲ್ಲೇ ಪಕ್ಕದ ಹಟ್ಟಿ. ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು. ಸ್ವಲ್ಪ ದೂರದಲ್ಲಿ ಆಕೆಯ ಗಂಡ ಪಾಲಯ್ಯ ಐದು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಅವರು ಕ್ರೈಸ್ತರಲ್ಲ, ವಾಸಿಯಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಂದವರು. ಅವಳೇ ಓಬಕ್ಕ.

“ಅಕ್ಕ, ನಂಗೂ ಅದೇ ಕಾಯ್ಲೆ” ಎಂದಳು. “ನರ್ಸಮ್ಮ ಮನೆತಾಕೇ ಬಂದು ಎದುರಿಗೇ ಗುಳಿಗೆ ನುಂಗುಸ್ತಾಳೆ. ನುಂಗಿದ್ರೆ ಕರುಳೆಲ್ಲ ಬಾಯಿಗೆ ಬರ್ತೈತೆ. ಎಲ್ಡು ತಿಂಗ್ಳಾತು. ನೀನು ಒಂದೂ ನುಂಗ್ಲಿಲ್ವಾ?” ಆಮೇಲೆ ಆ ಕಡೆಯವರ ರೂಢಿಯಂತೆ ತೆಲುಗಿಗೆ ಹೊರಳಿ, ಮೆಲ್ಲಗೆ, “ನಿಜಮೇನಾ ಅಕ್ಕ?” ಎಂದಳು.

ನಿಜವೇ ಎಂದು ಅಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ಬಾಯಲ್ಲಿ ಗಂಜಿಯ ಮಾತಿತ್ತು. ಮೊದಲು ಸ್ವಲ್ಪ ಗಂಜಿ ಕುಡಿ ತಾಯಿ, ಒಂದೊಂದೇ ನುಂಗು, ಗೋಡೆಗೊರಗಿ ಕೂತುಕೋ — ಆಕೆಯನ್ನು ಉಳಿಸಲು ಅಷ್ಟು ಸಾಕಿತ್ತು. ಅದನ್ನು ಬಲ್ಲವಳು ಆ ಅಂಗಳದಲ್ಲಿ ನಾನೊಬ್ಬಳೇ. ಆದರೆ ನಮ್ಮ ಸುತ್ತ ನಾಲ್ಕಾರು ಹೆಂಗಸರು ನಿಂತು ಕೇಳಿಸಿಕೊಳ್ಳುತ್ತಿದ್ದರು.

“ಒಂದೂ ಇಲ್ಲ ಕಣವ್ವ. ಆತನೇ ಸಾಕು” ಎಂದೆ.

ಓಬಕ್ಕ ಕಣ್ಣೊರೆಸಿಕೊಂಡು ನಕ್ಕಳು.

ಮುಂದಿನ ವಾರದಿಂದ ದೇವಸಮುದ್ರದ ಬಸ್ಸಿಗೆ ನಮ್ಮ ಸಭೆಗೆ ಬರತೊಡಗಿದಳು. ಗುಳಿಗೆ ಬಿಟ್ಟೆ ಎಂದಳು. ವಾಂತಿ ನಿಂತದ್ದರಿಂದ ಊಟ ಸೇರಿತು, ಒಂದೆರಡು ತಿಂಗಳು ಮುಖಕ್ಕೆ ಕಳೆ ಬಂತು. ಎಲ್ಲರೂ ಸ್ತೋತ್ರ ಹೇಳಿದರು. ನಾನೂ ಹೇಳಿದೆ. ವಾಸಿಯಾದ ಹಾಗೆ ಅನ್ನಿಸಿದರೂ ಬಿಡಬಾರದು — ಡಾಕ್ಟರಮ್ಮನ ಮಾತು ಕಿವಿಯಲ್ಲಿದ್ದೂ ಹೇಳಿದೆ.

ಒಂದು ದಿನ ಆ ನರ್ಸಮ್ಮ ನನ್ನ ಮನೆ ಹುಡುಕಿಕೊಂಡು ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ನೀರು ಕೇಳಿ ಕುಡಿದರು. “ಓಬಕ್ಕ ನನ್ನ ಕಂಡ್ರೆ ಹಿತ್ತಲಿಗೆ ಹೋಗಿ ಅಡಗ್ತಾಳೆ ಕಣ್ರಿ. ಅರ್ಧಕ್ಕೆ ಬಿಟ್ರೆ ಕಾಯ್ಲೆ ಇನ್ನೂ ಜೋರಾಗಿ ತಿರುಗಿ ಬರ್ತೈತೆ. ನಿಮ್ಮ ಮಾತು ಕೇಳ್ತಾಳೆ, ನೀವೊಂದು ಮಾತು ಹೇಳ್ರಿ” ಎಂದರು. ಮಿಷನ್ನು ತುಳಿಯುವುದನ್ನು ನಿಲ್ಲಿಸದೆ, “ನಂಬಿಕೆ ಅವರವರದು. ನಾನು ಹೆಂಗೆ ಹೇಳ್ಲಿ” ಎಂದೆ. ಅವರು ನೀರಿನ ಲೋಟ ಕೆಳಗಿಟ್ಟು ಹೋದರು.

ಮೊದಲ ಸಲ ಜನರೆದುರು ನಾಲಿಗೆ ತಪ್ಪಿತು ಎನ್ನಬಹುದು. ಈ ಸಲ ಕೋಣೆಯಲ್ಲಿದ್ದದ್ದು ನಾವಿಬ್ಬರೇ. ಇದಕ್ಕೆ ಏನೆನ್ನಲಿ — ಇದಕ್ಕೆ ಹೆಸರಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಓಬಕ್ಕ ಹಾಸಿಗೆ ಹಿಡಿದಳು. ನೋಡಲು ಹೋದ ಸಭೆಯ ಹೆಂಗಸರ ಜೊತೆ ನಾನು ಹೋಗಲಿಲ್ಲ, ಮದುವೆ ಸೀಸನ್ನು, ಹೊಲಿಗೆ ಬಹಳವಿದೆ ಎಂದೆ. ಸತ್ತ ಸುದ್ದಿ ಬಂದ ಭಾನುವಾರ ಸಭೆ ಬಿಟ್ಟ ಮೇಲೆ ಒಬ್ಬರು ಅಂದರು, “ಪಾಪ, ನಂಬಿಕೆ ಸಾಲ್ಲಿಲ್ಲ ಆಕೆಗೆ. ನಮ್ಮ ಸುಗುಣಕ್ಕಂಗೆ ಇದ್ದಂಗೆ ಇರ್ಲಿಲ್ಲ.” ಹೌದೆಂಬಂತೆ ನಾಲ್ಕು ತಲೆ ಆಡಿದವು.

ಆಮೇಲೆ ನಾನು ಸಾಕ್ಷಿ ಹೇಳುವುದನ್ನು ಬಿಟ್ಟೆ. ಗಂಟಲು ನೋವು ಎಂದೆ, ಬಿಡುವಿಲ್ಲ ಎಂದೆ. ಎಷ್ಟು ತಗ್ಗಿದ ಮನಸ್ಸು ಎಂದು ಅದಕ್ಕೂ ಹೊಗಳಿದರು.

ಪ್ರತಿದಿನ ಬೆಳಿಗ್ಗೆ ಬಾಗಿಲು ಹಾಕಿ ಮೊಣಕಾಲೂರಿ ದೇವರ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದೆ. ಆತನು ನಂಬಿಗಸ್ತನು, ಪಾಪವನ್ನು ಅರಿಕೆ ಮಾಡಿಕೊಂಡವರನ್ನು ಕೈಬಿಡುವುದಿಲ್ಲ — ಚಿಕ್ಕಂದಿನಿಂದ ಕೇಳಿ ಬೆಳೆದ ಮಾತು. ಅತ್ತು ಎದ್ದರೆ ಹಗುರ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಎದೆಯ ಮೇಲೆ ಕಲ್ಲು. ತಿರುಗಿ ಬರುವ ಆ ಭಾರವನ್ನು ಸೈತಾನನ ಕಾಟ ಎಂದುಕೊಂಡು ಅದನ್ನು ಓಡಿಸಲೂ ಪ್ರಾರ್ಥಿಸಿದೆ. ಎಂಟು ವರ್ಷ ಬೇಕಾಯಿತು ನನಗೆ, ಅದು ಸೈತಾನನದಲ್ಲ, ದೇವರದೇ ಕೆಲಸ ಎಂದು ತಿಳಿಯಲು. ನಾನು ಅರಿಕೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದೆ. ಆತನು ದಿನವೂ ತಿರುಗಿ ಕರೆಯುತ್ತಿದ್ದ.

ಕೊನೆಗೆ ಕರೆದದ್ದು ಒಂದು ಹುಡುಗಿಯ ಬಾಯಿಂದ. ಶಾಲೆ ಶುರುವಾಗುವ ಕಾಲ. ಒಬ್ಬ ಹೆಂಗಸು ಹದಿಮೂರು ವರ್ಷದ ಹುಡುಗಿಯನ್ನು ಕರೆತಂದು, ನಾನು ಇದರ ಸೋದರತ್ತೆ, ಹೈಸ್ಕೂಲಿಗೆ ಯೂನಿಫಾರಂ ಹೊಲಿದುಕೊಡಿ ಎಂದಳು. ಟೇಪು ಹಿಡಿದು ಭುಜದ ಅಳತೆ ತೆಗೆಯುತ್ತಿದ್ದೆ. ಹೆಸರು ಕೇಳಿದೆ. ಭಾಗ್ಯ ಎಂದಳು. ಊರು ಕೇಳಿದೆ. ದೇವಸಮುದ್ರದ ಹತ್ತಿರ ಎಂದವಳು ತಿರುಗಿ ನನ್ನ ಮುಖ ನೋಡಿದಳು. “ಸುಗುಣಕ್ಕ ಅಂದ್ರೆ ನೀವೇನಾ? ನಮ್ಮವ್ವ ನಿಮ್ಮ ಹೆಸ್ರು ಹೇಳ್ತಿದ್ಲಂತೆ.” ಹಾಗೇ ನೋಡುತ್ತ ಕೇಳಿದಳು, “ನಮ್ಮವ್ವಂಗೆ ನಂಬ್ಕೆ ಇರ್ಲಿಲ್ಲ, ಅದ್ಕೇ ಸತ್ಲು ಅಂತಾರಲ್ಲ ನಿಮ್ಮ ಸಭೆಯೋರು, ಹೌದಾ?”

“ಅಲ್ಲ” ಎಂದೆ. “ಅದು ಸುಳ್ಳು.” ಅಳತೆ ಬರೆದುಕೊಂಡು ಟೇಪು ಸುತ್ತಿಟ್ಟೆ. ಉಳಿದದ್ದನ್ನೂ ಹೇಳಲೇಬೇಕೆಂದು ಅವತ್ತೇ ತೀರ್ಮಾನಿಸಿದೆ.

ಮೊದಲು ಪಾಲಯ್ಯನ ಬಳಿ ಹೋದೆ. ಗಂಡ ಜೊತೆಗೆ ಬರುತ್ತೇನೆ ಎಂದರು, ಬೇಡವೆಂದೆ. ದೇವಸಮುದ್ರದಲ್ಲಿ ಇಳಿದು ಕೇಳುತ್ತ ಹೋದರೆ, ಇನ್ನೂ ಬಿತ್ತದ ಒಂದು ಹೊಲದಲ್ಲಿ ಕುರಿ ಕೂಡಿಹಾಕಿಕೊಂಡು ಉಣ್ಣೆ ಕತ್ತರಿಸುತ್ತ ಕೂತಿದ್ದ. ಗುರುತು ಹಿಡಿದು, “ಬರ್ರಿ” ಎಂದ. ನಾನು ನಿಂತೇ ಹೇಳಿದೆ. ಚಳ್ಳಕೆರೆಯ ಗುಳಿಗೆ, ಡಬ್ಬಿಯಲ್ಲಿ ಮುಚ್ಚಿಟ್ಟದ್ದು, ಬೇವಿನ ಮರದ ಹತ್ತಿರ ಅಂದ ಮಾತು, ನರ್ಸಮ್ಮ ಬಂದು ಹೋದದ್ದು — ಯಾವುದನ್ನೂ ಬಿಡದೆ.

ಅವನು ಕತ್ತರಿ ಆಡಿಸುತ್ತಲೇ ಇದ್ದ. ಆ ಕುರಿಯದು ಮುಗಿಯಿತು. ಅದನ್ನು ಬಿಟ್ಟು, ಇನ್ನೊಂದನ್ನು ಹಿಡಿಯದೆ ಕೂತ.

“ಕಡೀಕೆ ಅವ್ಳು ಗುಳಿಗೆ ಕೇಳಿದ್ಲು” ಎಂದ. “ನರ್ಸಮ್ಮನ್ನ ಕರ್ಕಂಬಾ, ನುಂಗ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ. ಆ ಅಕ್ಕ ಒಂದೂ ನುಂಗ್ದೆ ವಾಸಿ ಆದ್ಲಲ್ಲ, ಇಷ್ಟು ದಿನ ತಡ್ಕಂಡೀಯ, ಇನ್ನೊಂದೀಟು ತಡ್ಕ ಅಂದೆ.” ನೆಲ ನೋಡಿಕೊಂಡೇ ಹೇಳಿದ: “ನಾನೇ ಕೊಂದೆ ಅನ್ಕಂಡಿದ್ದೆ. ಇವತ್ತಿನ ತಂಕ.”

 ಆ ಮಣ್ಣಿನ ಮೇಲೇ ಕೂತೆ. ಒಬ್ಬಳನ್ನು ಮಣ್ಣಿಗೆ ಕಳಿಸಿದೆ ಎಂದು ತಿಳಿದು ಬಂದವಳಿಗೆ, ಇನ್ನೊಬ್ಬ ಬದುಕಿದ್ದೂ ಅದೇ ಮಣ್ಣಿನಡಿ ಇದ್ದಾನೆಂದು ಗೊತ್ತಾಯಿತು. ಕ್ಷಮಿಸು ಎಂದು ಕೇಳಲು ಬಂದಿದ್ದೆ. ಬಾಯಿ ತೆರೆದೆ — ಅವನು ಕೈ ಎತ್ತಿ ತಡೆದ.

“ಅದ್ನ ಕೇಳ್ಬ್ಯಾಡ. ನನ್ತಾವ ಇಲ್ಲ ಅದು. ಎಲ್ಲಿ ನಿಂತು ಸುಳ್ಳು ಹೇಳಿದ್ಯೋ ಅಲ್ಲೇ ನಿಂತು ಇದ್ನ ಹೇಳು. ನನ್ನ ಮಗ್ಳ ಕಿವೀಗೆ ಬೀಳಂಗೆ ಹೇಳು.”

ಅಲ್ಲಿಂದ ನೇರ ಅಯ್ಯನೋರ ಮನೆಗೆ ಹೋದೆ. ಅವರಿಗೀಗ ವಯಸ್ಸಾಗಿದೆ. ಎಲ್ಲ ಕೇಳಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ದೇವ್ರ ಮುಂದೆ ಒಪ್ಕೊಂಡಿದ್ದೀಯಲ್ಲಮ್ಮ. ಸಭೇಲಿ ಹೇಳಿದ್ರೆ ಬಡ ಜನದ ನಂಬಿಕೆ ಅಲ್ಲಾಡಿ ಹೋಗ್ತದೆ. ದೇವ್ರಿಗೆ ಒಪ್ಪಿಸಿದ್ದೇ ಸಾಕಾಗಲ್ವಾ?” ಎಂದರು.

“ದೇವ್ರಿಗೆ ನಾನು ಸುಳ್ಳು ಹೇಳಿರ್ಲಿಲ್ಲ ಅಯ್ಯನೋರೆ. ಆತನಿಗೆ ಗೊತ್ತಿತ್ತು. ಸುಳ್ಳು ಹೇಳಿದ್ದು ಜನಕ್ಕೆ.”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, “ಆ ಹೆಣ್ಣುಮಗಳ ಬಗ್ಗೆ ಅವರೆಲ್ಲ ಹಂಗೆ ಅಂದಾಗ ನಾನೂ ಸುಮ್ಮನಿದ್ದೆ” ಎಂದರು. “ಈ ಭಾನುವಾರಾನೇ ಹೇಳು. ನಾನೂ ಪಕ್ಕದಲ್ಲಿ ನಿಂತ್ಕೊಂತೀನಿ.”

ನಿಂತರು. ನಾನು ಹೇಳಿ ಕಳಿಸಿದ್ದಕ್ಕೆ ಪಾಲಯ್ಯ ಬಂದಿದ್ದ, ಒಳಗೆ ಬರಲಿಲ್ಲ. ಮಗಳ ಕೈ ಹಿಡಿದು ಬಾಗಿಲ ಹೊರಗೆ ನಿಂತ. ನಾನು ಅಳಬಾರದೆಂದು ನಿರ್ಧರಿಸಿದ್ದೆ. ಅತ್ತರೆ ಜನ ನನ್ನನ್ನು ಸಮಾಧಾನ ಮಾಡಲು ಬರುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಗುಳಿಗೆ ನುಂಗಿದ್ದೆ ಎಂದು ಹೇಳಿದೆ. ಎದೆಯಲ್ಲಿ ಬಿಸಿ ಹರಿಯಲಿಲ್ಲ ಎಂದು ಹೇಳಿದೆ. “ಓಬಕ್ಕಂಗೆ ನಂಬಿಕೆ ಕಡಿಮೆ ಇತ್ತು ಅಂದ್ರಿ. ನಾನೇ ನಂಬದೆ ಹೇಳಿದ್ದನ್ನ ಆಕೆ ನಂಬಿ ಪ್ರಾಣ ಬಿಟ್ಟಳು. ಈ ಸಭೆಯಲ್ಲಿ ನಂಬಿಕೆ ಇಲ್ಲದೆ ಇದ್ದದ್ದು ನನಗೆ” ಎಂದೆ.

ಯಾರೂ ಸ್ತೋತ್ರ ಹೇಳಲಿಲ್ಲ. ಅಂದು ನನಗಾಗಿ ಉಪವಾಸವಿದ್ದವರಲ್ಲಿ ಒಬ್ಬಾಕೆ ಎದ್ದು, “ಹಂಗಾರೆ ನಾವು ಮೂರು ದಿನ ಹಸ್ಕಂಡಿದ್ದು ಸುಳ್ಳಾ?” ಎಂದಳು. ಸಿಟ್ಟಿಗಿಂತ ನೋವೇ ಇತ್ತು ಆ ದನಿಯಲ್ಲಿ. “ಅಲ್ಲ ಅಕ್ಕ” ಎಂದೆ. “ನೀವು ಕೇಳಿದ್ದೂ ನಿಜ, ಆತನು ಕೊಟ್ಟಿದ್ದೂ ನಿಜ. ಗುಳಿಗೆಯಾಗಿ ಕೊಟ್ಟ. ನಾನು ಅದನ್ನ ಮುಚ್ಚಿಟ್ಟೆ.” ಆಕೆ ನನ್ನನ್ನು ದಾಟಿ ಹೊರಗೆ ಹೋದಳು. ಹಿಂದೆಯೇ ಇನ್ನಿಬ್ಬರು ಹೋದರು. ಅವರು ಈವರೆಗೂ ನನ್ನೊಡನೆ ಮಾತಾಡಿಲ್ಲ. ಮಾತಾಡಬೇಕೆಂದು ನಾನು ಕೇಳುವುದೂ ಇಲ್ಲ.

ಬಾಗಿಲ ಬಳಿ ಭಾಗ್ಯ ಕಣ್ಣೆತ್ತದೆ ನಿಂತಿದ್ದಳು. ನಾನು ಹತ್ತಿರ ಹೋದಾಗ ಅಪ್ಪನ ಹಿಂದಕ್ಕೆ ಸರಿದಳು. “ಹೊಲಿಯಾಕೆ ಕೊಟ್ಟಿರೋ ಬಟ್ಟೆ ವಾಪಸ್ ಕೊಡ್ರಿ. ಬ್ಯಾರೆ ಕಡೆ ಹೊಲಿಸ್ಕಂತೀನಿ” ಎಂದಳು. ಮನೆಗೆ ಹೋಗಿ, ಕತ್ತರಿ ಮುಟ್ಟಿಸದ ಆ ಬಟ್ಟೆಯನ್ನು ಮಡಿಸಿ ತಂದು ಕೊಟ್ಟೆ. ತೆಗೆದುಕೊಂಡು ಹೋದಳು. ಪಾಲಯ್ಯ ಒಂದು ಸಲ ತಲೆಯಾಡಿಸಿದ. ಅದು ಏನೆಂದು ಅರ್ಥ ಕಟ್ಟಲು ಹೋಗುವುದಿಲ್ಲ.

ಆಮೇಲೆ ಹಿಂದೆ ಹೋದ ಕಡೆಗೆಲ್ಲ ಹೋಗುತ್ತಿದ್ದೇನೆ. ದೇವಸಮುದ್ರದಲ್ಲಿ ಹೇಳಿದೆ. ರಾಂಪುರದಲ್ಲಿ ಹೇಳಿದೆ; ಕೇಳಿದವರೊಬ್ಬರು ಮುಖಕ್ಕೆ ಉಗಿದ ಹಾಗೆ ಮಾತಾಡಿದರು, ಸರಿಯಾಗಿಯೇ ಮಾತಾಡಿದರು. ಚಳ್ಳಕೆರೆಯಲ್ಲಿ ಹೇಳಿದಾಗ ನನ್ನ ಗಂಡ ಗಂಡಸರ ಸಾಲಿನಿಂದ ಎದ್ದು, “ನಂಗೂ ಗೊತ್ತಿತ್ತು, ನಾನೂ ಸುಮ್ಮನಿದ್ದೆ” ಎಂದರು. ಬಟ್ಟೆ ಕೊಡುವವರು ಕಡಿಮೆಯಾಗಿದ್ದಾರೆ. ಇರಲಿ.

ಆದರೆ ಎಲ್ಲರನ್ನೂ ನಾನು ಹೋಗಿ ಕಾಣಲಾರೆ. ಆ ಕೂಟಗಳಲ್ಲಿ ಯಾರು ಯಾರು ಕೂತಿದ್ದರೋ, ಯಾವ ಸಾಲಿನಲ್ಲಿ ಯಾರು ಕೆಮ್ಮನ್ನು ನುಂಗಿಕೊಂಡು ಕೇಳುತ್ತಿದ್ದರೋ — ಗೊತ್ತಿಲ್ಲ. ಅದಕ್ಕಾಗಿ ಬರೆದೆ. ಮೊಳಕಾಲ್ಮೂರಿನ ಸುಗುಣ ಹೇಳಿದ ಸಾಕ್ಷಿ ಕೇಳಿ ನೀವು ಗುಳಿಗೆ ಬಿಟ್ಟಿದ್ದರೆ, ನಿಮ್ಮ ಮನೆಯಲ್ಲಿ ಯಾರಾದರೂ ಬಿಟ್ಟಿದ್ದರೆ, ಇವತ್ತೇ ಆಸ್ಪತ್ರೆಗೆ ಹೋಗಿ. ಪ್ರಾರ್ಥನೆ ಮಾಡಿಕೊಂಡೇ ಹೋಗಿ. ಹೋಗಲು ಜೊತೆ ಬೇಕಿದ್ದರೆ ನಾನು ಬರುತ್ತೇನೆ.

ಉಳ್ಳಾರ್ತಿ ಕಡೆಯ ಆ ಹಳ್ಳಿಯೊಂದು ಉಳಿದಿದೆ. ಅಲ್ಲಿನವರು, ಮಾತಾಡಲು ಅವಕಾಶ ಕೊಡುವುದಿಲ್ಲ, ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ. ಬರುವ ಭಾನುವಾರ ಹೋಗುತ್ತೇನೆ. ಒಳಗೆ ಬಿಡದಿದ್ದರೆ ಹೊರಗೆ ನಿಲ್ಲುತ್ತೇನೆ. ಕೂಟ ಮುಗಿದು ಚಪ್ಪಲಿ ಹಾಕಿಕೊಳ್ಳಲು ಒಬ್ಬೊಬ್ಬರೇ ಹೊರಗೆ ಬರುತ್ತಾರಲ್ಲ — ಒಬ್ಬೊಬ್ಬರಿಗೇ ಹೇಳುತ್ತೇನೆ.